ನೇರಕ್ಕೆ ಬಂದರೆ ಸಿಕ್ಕಿಕೊಳ್ಳುವ ಹ್ಯಾಂಡಲ್

ನನಗೆ ಸೈಕಲ್ ಬರುವುದಿಲ್ಲ. ಹತ್ತಿದವಳೇ ಅಲ್ಲ. ನಾಲ್ಕನೇ ಕ್ಲಾಸಿನವರೆಗೆ ಓದಿದ್ದೇನೆ, ಅದೂ ನಡೆದುಕೊಂಡೇ ಹೋಗಿ. ಹಾಗಿದ್ದೂ ಹೋದ ವರ್ಷ ಒಂದು ಸೈಕಲ್ಲಿನ ಹ್ಯಾಂಡಲ್ ನನ್ನ ತಲೆ ತಿಂದಷ್ಟು ಕಟ್ಟಿಕೊಂಡ ಗಂಡನೂ ತಿಂದಿರಲಿಲ್ಲ.

ಸೈಕಲ್ ಮೊಮ್ಮಗಳದು. ಮಗನ ಮಗಳು, ಹತ್ತನೇ ಕ್ಲಾಸು. ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ರಸ್ತೆಯಿಂದ ಒಳಗೆ, ನಾಲೆ ಪಕ್ಕದಲ್ಲಿ ನಮ್ಮೂರು. ಸ್ಕೂಲಿಗೆ ನಾಲೆ ಏರಿಯ ಮೇಲೆ ಮೂರು ಮೈಲಿ. ಬೆಳಗಿನ ಸ್ಪೆಷಲ್ ಕ್ಲಾಸಿನ ಹೊತ್ತಿಗೆ ಬಸ್ಸಿಲ್ಲ. ದಸರಾ ಕಳೆದು ಒಂದು ತಿಂಗಳಾಗಿರಬೇಕು, ಏರಿಯ ಮೇಲೆ ಬಿದ್ದು ಮಂಡಿ ತರಚಿಕೊಂಡು ಬಂದಳು. ಹ್ಯಾಂಡಲ್ ಹಿಡಿದುಕೊಳ್ಳುತ್ತದೆ ಅಂದಳು. ಕಣ್ಣು ಬಿಟ್ಟುಕೊಂಡು ಓಡಿಸು ಅಂದೆ. ಮುಂದಿನ ವಾರ ಮತ್ತೆ ಬಿದ್ದಳು, ಈ ಸಲ ನಾಲೆಯ ಕಡೆಗೆ. ಹುಲ್ಲು ಕೈಗೆ ಸಿಕ್ಕಿತು, ಇಲ್ಲದಿದ್ದರೆ ನೀರಿಗೇ.

ನನ್ನ ಮಗ ನಂಜನಗೂಡಿನ ಫ್ಯಾಕ್ಟರಿಯಲ್ಲಿ ಶಿಫ್ಟಿನ ಕೆಲಸ ಮಾಡುತ್ತಾನೆ. ಮಾತು ಕಡಿಮೆ. ಇವಳಿಗೆ ನೆಟ್ಟಗೆ ಓಡಿಸಲು ಬರುವುದಿಲ್ಲ, ಇನ್ನು ಸೈಕಲ್ ಬೇಡ, ಪರೀಕ್ಷೆ ಮುಗಿಯುವ ತನಕ ನಂಜನಗೂಡಿನ ಅತ್ತೆ ಮನೆಯಲ್ಲಿರಲಿ, ಅಲ್ಲಿಂದ ಸ್ಕೂಲಿಗೆ ಬೆಳಗ್ಗೆಯೇ ಬಸ್ಸಿದೆ ಅಂದ. ತಿಂಗಳ ಕೊನೆಗೆ ಕಳಿಸುವುದು ಅಂತಲೂ ಹೇಳಿಬಿಟ್ಟ. ಅತ್ತೆ ಅಂದರೆ ನನ್ನ ಮಗಳೇ. ಅವಳ ಮನೆಗೆ ಓದಲು ಹೋದ ಹುಡುಗಿ ಪಾತ್ರೆ ತೊಳೆದು, ಅವಳ ಎರಡು ಮಕ್ಕಳನ್ನು ಎತ್ತಿ ಇಳಿಸಿ, ಹೊತ್ತು ಉಳಿದರೆ ಓದಬೇಕು. ಹೆತ್ತವಳಿಗೆ ಗೊತ್ತಿರುತ್ತದೆ. ಮೊಮ್ಮಗಳಿಗೂ ಗೊತ್ತು. ಅವತ್ತು ಅವಳು ಊಟ ಮಾಡಲಿಲ್ಲ.

"ಅಜ್ಜಿ, ನಾನು ತಿರುಗ್ಸಲ್ಲ. ನೇರಕ್ಕೆ ಬಂದ್ರೆ ಅದೇ ಒಳಗೆ ಕೂತ್ಕೊತದೆ," ಅಂದಳು. "ನೀನಾರ ನಂಬು."

ನಂಬಬೇಕಾದರೆ ಮೊದಲು ತಿಳಿಯಬೇಕಲ್ಲ. ಸೈಕಲ್ ನಿಲ್ಲಿಸಿ ನಾನೇ ಹ್ಯಾಂಡಲ್ ಹಿಡಿದು ಆ ಕಡೆ ಈ ಕಡೆ ಎಳೆದಾಡಿದೆ. ಚೆನ್ನಾಗಿಯೇ ತಿರುಗಿತು. ನಿಂತಾಗ ತಿರುಗುವುದು ಓಡುವಾಗ ಯಾಕೆ ತಿರುಗುವುದಿಲ್ಲ? ದೃಷ್ಟಿಯಾಗಿದೆ ಅಂತ ಪಕ್ಕದ ಮನೆಯವಳು ಕಪ್ಪು ದಾರ ಕೊಟ್ಟಳು, ಕಟ್ಟಿದೆ. ಹ್ಯಾಂಡಲ್ಲಿನ ಬುಡಕ್ಕೆ ಹರಳೆಣ್ಣೆ ಬಿಟ್ಟೆ. ಧೂಳು ಮೆತ್ತಿತು, ಅಷ್ಟೆ. ನಂಜನಗೂಡಿನ ಒಂದು ಅಂಗಡಿಗೆ ತೆಗೆದುಕೊಂಡು ಹೋದರೆ, ಅವನು ಸಡಿಲವಾಗಿದೆ ಅಂತ ಮೇಲಿನ ನಟ್ಟು ಬಿಗಿ ಮಾಡಿದ. ಹ್ಯಾಂಡಲ್ ಕಲ್ಲಾಯಿತು. ವಾಪಸು ಹೋದಾಗ ಬಿಗಿಯಾಗಿದೆ ಅಂತ ಸಡಿಲ ಮಾಡಿದ. ಬ್ರೇಕ್ ಹಿಡಿದರೆ ಟಕ್ ಟಕ್ ಅನ್ನತೊಡಗಿತು. ಒಂದೇ ಹ್ಯಾಂಡಲ್ ಸಡಿಲವೂ ಹೌದು, ಬಿಗಿಯೂ ಹೌದು ಅಂದರೆ ನಾನು ಯಾವುದನ್ನು ನಂಬಲಿ? ಹೊಸ ಸೈಕಲ್ ತಗೊಳ್ಳಿ ಅಂದ. ಬಂದುಬಿಟ್ಟೆ.

ಒಂದು ಭಾನುವಾರ ನರಸೀಪುರಕ್ಕೆ ತರಕಾರಿ ಸಾಗಿಸುವ ಲಗೇಜ್ ಆಟೋದಲ್ಲಿ ಸೈಕಲ್ ಮಲಗಿಸಿ, ನಾನೂ ಮೊಮ್ಮಗಳೂ ಮೂಟೆಗಳ ಮೇಲೆ ಕೂತು ಹೋದೆವು. ಅಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ನನ್ನಷ್ಟೇ ವಯಸ್ಸಿನ ಒಬ್ಬ ರಿಪೇರಿಯವನು. ಸ್ಪ್ಯಾನರ್ ಮುಟ್ಟಲಿಲ್ಲ. ಮುಂದಿನ ಚಕ್ರ ನೆಲ ಬಿಡುವಂತೆ ಸೈಕಲ್ ಎತ್ತಿದ, ಒಂದೇ ಬೆರಳಿನಿಂದ ಹ್ಯಾಂಡಲ್ಲನ್ನು ನಿಧಾನ ತಳ್ಳಿದ. ನನ್ನನ್ನು ಕರೆದ.

"ನೀವು ಮುಟ್ ನೋಡಿ ಅಮ್ಮಾ. ಜೋರಾಗಿ ಬ್ಯಾಡ, ಮೆಲ್ಲುಕೆ."

ಮೆಲ್ಲಗೆ ತಳ್ಳಿದೆ. ಬಂತು, ಬಂತು, ಚಕ್ರ ನೇರವಾದ ಜಾಗದಲ್ಲಿ ಗಾಡಿ ಚಕ್ರ ಹಳ್ಳಕ್ಕೆ ಇಳಿದ ಹಾಗೆ ಇಳಿದು ನಿಂತಿತು. ಅಲ್ಲಿಂದ ಎಬ್ಬಿಸಲು ಬೆರಳು ಸಾಲಲಿಲ್ಲ. ಇಷ್ಟು ದಿನ ನಾನು ಜೋರಾಗಿ ಎಳೆದಾಡಿದ್ದರಿಂದ ಕೈಗೆ ತಿಳಿದಿರಲಿಲ್ಲ. ಮೊಮ್ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಸೈಕಲ್ ನೋಡಿದೆ.

ಅವನು ಹ್ಯಾಂಡಲ್ ಕಳಚಿ, ಚಕ್ರ ಹಿಡಿದಿರುವ ಕೆಳಗಿನ ಕವಲನ್ನು ಎಳೆದ. ಬಟ್ಟೆಯ ಮೇಲೆ ಸಣ್ಣ ಗುಂಡುಗಳು ಉದುರಿದವು, ತುಕ್ಕು ಹಿಡಿದು ಕೆಂಪಾಗಿದ್ದವು. ಗುಂಡು ಉರುಳುವ ಬಟ್ಟಲಿಗೆ ಕಪ್ ಅನ್ನುತ್ತಾರೆ. ಅದನ್ನು ಒರೆಸಿ ಕೈಗೆ ಕೊಟ್ಟ. ಉಗುರು ಆಡಿಸಿದರೆ ಸಾಲಾಗಿ ಗುಳಿ, ಅಳಿಗುಳಿ ಮಣೆಯ ಹಾಗೆ. ನೇರ ಹೋಗುವಾಗ ಗುಂಡುಗಳು ಅಲ್ಲಿ ಕೂರುತ್ತವೆ, ಗುಳಿಯೊಳಗೆ ಸಡಿಲ, ಗುಳಿಯ ಆಚೆ ಬಿಗಿ ಅಂದ. ಯಾಕೆ ಗುಳಿ ಬಿತ್ತು ಅಂತ ಕೇಳಿದೆ. ಗ್ರೀಸ್ ಇಲ್ಲದೆ ದಿನವೂ ನೆಟ್ಟಗೆ ಓಡಿಸಿದ್ದಕ್ಕೆ ಅಂದ.

"ಅಂಗಾರೆ ಸೊಟ್ಟಗೆ ಓಡುಸ್ಬೇಕಿತ್ತಾ?" ಅಂದೆ.

ಅವನು ನಕ್ಕ. ನಾನು ತಮಾಷೆಗೆ ಕೇಳಿರಲಿಲ್ಲ. ನೆಟ್ಟಗೆ ಓಡಿಸಲು ಬರುವುದಿಲ್ಲ ಅಂತ ಮನೆಯಲ್ಲಿ ಬೈಸಿಕೊಂಡವಳು, ನೆಟ್ಟಗೆ ಓಡಿಸಿದ್ದರಿಂದಲೇ ಬಿದ್ದಳಂತೆ.

ಗ್ರೀಸ್ ಎಲ್ಲಿಗೆ ಹೋಯಿತು, ನೀರಿಗೆ ಬಿದ್ದಿತ್ತಾ ಅಂತ ಕೇಳಿದ. ಮಳೆ ಅಂದೆ. ಅವನು ಕಪ್ಪಿನ ಅಂಚಿನಿಂದ ಬೂದು ಗೋಡುಮಣ್ಣು ಕೆರೆದು ಬೆರಳಲ್ಲಿ ಉಜ್ಜಿದ.

"ಮಳೇಲಿ ಗೋಡು ಬರಾಕಿಲ್ಲ ಕಣಮ್ಮ. ಇದು ನಾಲೆದು."

ನಮ್ಮ ಮನೆಯಲ್ಲಿ ಆಯುಧಪೂಜೆಯ ಹಿಂದಿನ ದಿನ ನೇಗಿಲು, ಕುಡುಗೋಲು, ಮಚ್ಚು ಎಲ್ಲವನ್ನೂ ನಾಲೆ ಮೆಟ್ಟಿಲಿಗೆ ಒಯ್ದು ನೆನೆಹಾಕಿ ತೊಳೆಯುವವಳು ನಾನು. ಮೊದಲು ಎತ್ತುಗಳನ್ನೂ ತೊಳೆಯುತ್ತಿದ್ದೆ. ಎತ್ತು ಮಾರಿದ ಮೇಲೆ ಸೈಕಲ್. ಎತ್ತಿನ ಹಾಗೆಯೇ ಅದನ್ನೂ ಕತ್ತಿನವರೆಗೆ ನೀರಿಗಿಳಿಸಿ, ಮಿಕ್ಕ ಸಾಮಾನು ತೊಳೆಯುವ ತನಕ ನೆನೆಯಲು ಬಿಟ್ಟು, ಆಮೇಲೆ ತೆಂಗಿನ ನಾರಿನಿಂದ ತಿಕ್ಕುತ್ತಿದ್ದೆ. ಮೂರು ವರ್ಷ. ಅರಿಶಿನ ಕುಂಕುಮ ಇಟ್ಟರೆ ಊರಲ್ಲೆಲ್ಲ ನಮ್ಮ ಸೈಕಲ್ಲೇ ಹೊಳೆಯುತ್ತಿತ್ತು. ಮೊಮ್ಮಗಳು ಮೂರು ವರ್ಷವೂ ಮೆಟ್ಟಿಲ ಮೇಲೆ ನಿಂತು ನೋಡಿದವಳು. ಅವನು ಕೇಳಿದಾಗ ಬಾಯಿ ಬಿಡಲಿಲ್ಲ.

ಹೊಸ ಕಪ್, ಹೊಸ ಗುಂಡು ಹಾಕಿ, ಬೆಣ್ಣೆಯ ಹಾಗೆ ಗ್ರೀಸ್ ತುಂಬಿದ. ನಟ್ಟನ್ನು ಕೈಯಲ್ಲೇ ಕೂರಿಸಿ, ಚೂರು ಹಿಂದಕ್ಕೆ ತಿರುಗಿಸಿ, ಮೇಲಿನದನ್ನು ಬಿಗಿ ಮಾಡಿದ. ಬ್ರೇಕ್ ಹಿಡಿದು ಅಲುಗಿಸಿದರೆ ಟಕ್ ಇಲ್ಲ. ಚಕ್ರ ಎತ್ತಿದರೆ ಹ್ಯಾಂಡಲ್ ತಾನಾಗಿ ಪಕ್ಕಕ್ಕೆ ವಾಲಿತು.

ಸಾಯಂಕಾಲ ಮಗ ಅಂಗಳದಲ್ಲಿ ಎರಡು ಸುತ್ತು ಓಡಿಸಿ ನೋಡಿದ. ಸರಿಯಾಗಿದೆ ಅಂದ. ಆದರೂ ತಂಗಿಗೆ ಮಾತು ಕೊಟ್ಟಾಗಿದೆ, ಇವಳು ಬೀಳಿಸಿ ಬೀಳಿಸಿ ಇದನ್ನೂ ಹಾಳು ಮಾಡುತ್ತಾಳೆ ಅಂದ. ಮೊಮ್ಮಗಳು ಪುಸ್ತಕ ಮುಚ್ಚಿ ಒಳಗೆ ಎದ್ದು ಹೋದಳು. ಅಜ್ಜಿ ಮಾಡಿದ್ದು ಅಂತ ಒಂದು ಮಾತು ಹೇಳಿದ್ದರೆ ಅವಳ ಗಂಟೇನು ಹೋಗುತ್ತಿತ್ತು, ನನಗೆ ಇವತ್ತಿಗೂ ತಿಳಿಯದು.

"ಅವ್ಳಲ್ಲ ಕಣ್ಲಾ," ಅಂದೆ. "ನಾಲೇಲಿ ಅದ್ದಿ ಅದ್ದಿ ಆಳು ಮಾಡ್ದೋಳು ನಾನು. ಯಾರನ್ನಾರ ಕಳುಸ್ಬೇಕು ಅಂದ್ರೆ ನನ್ನ ಕಳ್ಸು."

ಮಗ ಸೈಕಲ್ಲನ್ನು ಗೋಡೆಗೆ ಒರಗಿಸಿದ. ಇನ್ನು ಮೇಲೆ ಸೈಕಲ್ ತೊಳೆಯುವ ಕೆಲಸ ನಿನಗೆ ಬೇಡ ಅಂದ. ಆಮೇಲೆ ತಂಗಿಗೆ ಫೋನ್ ಮಾಡಿ, ಹುಡುಗಿ ಬರುವುದಿಲ್ಲ ಅಂದ. ಅವಳು ಯಾಕೆ, ಏನಾಯಿತು ಅಂತ ಬಿಡದೆ ಕೇಳಿರಬೇಕು, ಫೋನ್ ನನ್ನ ಕಿವಿಗೆ ಹಿಡಿದ. ಕಪ್, ಕಪ್ಪಿನೊಳಗೆ ಗುಂಡು, ನೇರ ಹೋದದ್ದಕ್ಕೆ ಗುಳಿ ಅಂತ ಶುರು ಮಾಡಿದೆ. ಅರ್ಧಕ್ಕೆ ಬರುವಷ್ಟರಲ್ಲಿ ನನಗೇ ಗೋಜಲಾಯಿತು. ಅವಳು ಇಲ್ಲೇ ಇರುತ್ತಾಳೆ ಅಂತ ಹೇಳಿ ಫೋನ್ ಮಗನಿಗೆ ಕೊಟ್ಟೆ.