ತೋರ್ಕಿಲ್ ತಾತ ಆರಿಸಿದ ಮೂರು ಚಕ್ರದ ಗಾಡಿ

ತೋರ್ಕಿಲ್ ಇಪ್ಸನ್‌ನ ಎಡಗೈಗೆ ಸದಾ ಚಳಿ. ಬಾಲ್ಟಿಕ್ ಸಮುದ್ರದ ಗಾಳಿ ಮೂಗು ಕಿತ್ತುಕೊಂಡು ಹೋಗುವ ಜನವರಿಯಲ್ಲಿ ಚಳಿಯಾದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಊರಿಗೆ ಊರೇ ಬನಿಯನ್ನಿನಲ್ಲಿ ಕೂತು ಹೊಗೆ ಹಾಕಿದ ಹೆರಿಂಗ್ ಮೀನು ತಿನ್ನುವ ಜೂನ್ ತಿಂಗಳಲ್ಲೂ ಆ ಕೈ ಕೋಟಿನ ಜೇಬಿನೊಳಗೇ ಇರುತ್ತಿತ್ತು. "ಚಳಿ ಕಣಯ್ಯಾ" ಎನ್ನುತ್ತಿದ್ದ. ಕೇಳಿದವರು ಒಂದೆಲೆಯೂ ಅಲುಗದ ಮರದ ಕಡೆ ನೋಡಿ, "ಹೌದೌದು, ಗಾಳಿ ಜೋರಿದೆ" ಎನ್ನುತ್ತಿದ್ದರು. ಹಿಂದಿನ ವರ್ಷ ಸಣ್ಣದಾಗಿ ಲಕ್ವ ಹೊಡೆದು, ಕಾಲು ಹೇಗೋ ದಾರಿಗೆ ಬಂದರೂ ಎಡಗೈ ಮಾತ್ರ ಹೇಳಿದ ಮಾತು ಕೇಳದೆ ಉಳಿದದ್ದು ಅವನ ಗುಟ್ಟು. ಸ್ವಾನೆಕೆಯಂಥ ಪುಟ್ಟ ಬಂದರಿನಲ್ಲಿ ಗುಟ್ಟು ಎಂದರೆ ಎಲ್ಲರಿಗೂ ಗೊತ್ತಿದ್ದು ಯಾರೂ ಬಾಯಿ ಬಿಡದ ಸಂಗತಿ. ಈ ಒಂದು ವಿಷಯದಲ್ಲಿ ನಾವು ಬೋರ್ನ್‌ಹೋಮ್ ದ್ವೀಪದವರು ಬಹಳ ಮರ್ಯಾದಸ್ಥರು. ಮಿಕ್ಕ ವಿಷಯಗಳಲ್ಲಿ ಅಷ್ಟಕ್ಕಷ್ಟೆ.

ಅವನು ಶಾಲೆಯ ಬಸ್ಸು ಓಡಿಸುತ್ತಿದ್ದವನು. ಈಗ ಗಡ್ಡ ಬಿಟ್ಟುಕೊಂಡು ಊರಿನಲ್ಲಿ ದೊಡ್ಡಸ್ತಿಕೆಯಿಂದ ಓಡಾಡುವ ಗಂಡಸರಲ್ಲಿ ಬಹುಪಾಲು ಜನ ಅವನ ಬಸ್ಸಿನ ಹಿಂದಿನ ಸೀಟಿನಲ್ಲಿ ವಾಂತಿ ಮಾಡಿಕೊಂಡವರೇ. ಹಿಮ ಬಿದ್ದು ರಸ್ತೆ ಗಾಜಿನಂತಾದಾಗಲೂ ಅವನ ಬಸ್ಸು ಒಂದು ಸಲವೂ ಚರಂಡಿಗೆ ಇಳಿದದ್ದಿಲ್ಲ. ಲಕ್ವವಾದ ಮೇಲೆ, "ಮಕ್ಕಳ ಗಲಾಟೆ ಸಾಕಾಯ್ತು" ಎಂದು ತಾನೇ ಬೀಗದ ಕೈ ಕೊಟ್ಟು ಬಂದ. ಮಾರನೆಯ ಬೆಳಿಗ್ಗೆ ಬಸ್ಸು ಹೋಗುವ ಹೊತ್ತಿಗೆ ಸರಿಯಾಗಿ ಕಿಟಕಿಯ ಪರದೆ ಎಳೆದುಕೊಂಡ. ಆಮೇಲೆ ದಿನವೂ ಎಳೆದುಕೊಂಡ.

ಮಗಳು ರಿಕ್ಕೆ ಬಸುರಿಯಾದದ್ದು ಆ ವರ್ಷವೇ. ಮಗುವಿನ ಗಾಡಿ ಅಜ್ಜಿ ತಾತನೇ ಕೊಡಿಸುವುದು ಎಂದು ತೀರಿಹೋದ ಹೆಂಡತಿ ಇಂಗೆ ಹಿಂದೆಯೇ ಮಾತು ಕೊಟ್ಟಿದ್ದಳು. ಮಗಳಿಗೆ ಬೇಕಿದ್ದದ್ದು ತನ್ನನ್ನು ಮಲಗಿಸಿದ್ದಂಥದೇ ಹಳೆಯ ಕಾಲದ ಗಾಡಿ: ನಾಲ್ಕು ದೊಡ್ಡ ಚಕ್ರ, ಕಪ್ಪು ಮುಸುಕು, ಒಳ್ಳೆ ಹಡಗಿನಂತೆ ತೂಗುವಂಥದ್ದು. ನಮ್ಮಲ್ಲಿ ಮಕ್ಕಳು ಹಗಲು ನಿದ್ದೆ ಮಾಡುವುದು ಮನೆಯೊಳಗಲ್ಲ, ಹೊರಗೆ ಗಾಡಿಯಲ್ಲಿ. ಹಿಮ ಬೀಳುತ್ತಿದ್ದರೂ ದುಪ್ಪಟಿ ಹೊದಿಸಿ, ಮುಸುಕು ಎಳೆದು, ಅಂಗಳದಲ್ಲೋ ಕಾಫಿ ಅಂಗಡಿಯ ಮುಂದೋ ನಿಲ್ಲಿಸಿಬಿಡುತ್ತಾರೆ. ಮಲಗಿದ ಮಗುವಿನ ಮುಸುಕು ಎತ್ತಿ ಇಣುಕುವವನನ್ನು ಮಾತ್ರ ಊರು ಕ್ಷಮಿಸುವುದಿಲ್ಲ.

ದ್ವೀಪದ ದೊಡ್ಡ ಪೇಟೆ ರೊನ್ನೆಯ ಮಕ್ಕಳ ಸಾಮಾನಿನ ಅಂಗಡಿಯಲ್ಲಿ ತೋರ್ಕಿಲ್ ಅರ್ಧ ದಿನ ಕಳೆದ. ಎಡಗೈ ಜೇಬಿನಲ್ಲಿ; ಬಲಗೈಯಿಂದ ಒಂದೊಂದೇ ಗಾಡಿಯನ್ನು ತೊಟ್ಟಿಲು ತುಂಬಿದ ಆ ಇಕ್ಕಟ್ಟಿನಲ್ಲಿ ತಿರುಗಿಸಿ ನೋಡಿದ. ಹಡಗಿನಂಥ ಗಾಡಿ ಒಂದು ಕೈಗೆ ಜಗ್ಗಲಿಲ್ಲ. ಹೋಗಿ ಬಾಟಲಿಗಳ ಕಪಾಟಿಗೆ ಗುದ್ದಿ ನಿಂತಿತು. ಕೊನೆಗೆ ಮೂಲೆಯಲ್ಲಿದ್ದ ಮೂರು ಚಕ್ರದ ಗಾಡಿಗೆ ಕೈಯಿಟ್ಟ. ಹಿಂದೆ ಎರಡು, ಮುಂದೆ ಒಂದೇ ಚಕ್ರ. ಎರಡು ಬೆರಳಿಗೆ ತಿರುಗಿತು. ತಾನಿದ್ದಲ್ಲೇ ಒಂದು ಸುತ್ತು ಬಂದಿತು. ಅವನ ಮುಖ ಅರಳಿತು.

ಅಂಗಡಿಯ ಹೆನ್ನಿ ಅವನ ಬಸ್ಸಿನಲ್ಲೇ ಶಾಲೆಗೆ ಹೋದವಳು. "ತೋರ್ಕಿಲ್, ಇದು ಮರಳಿಗೆ, ಕಾಡು ದಾರಿಗೆ ಚೆನ್ನ. ನಿಮ್ಮೂರಿನ ಕಲ್ಲು ಹಾಸಿದ ಬೀದೀಲಿ ಹುಷಾರಾಗಿರ್ಬೇಕು" ಎಂದಳು. "ಫುಟ್‌ಪಾತಿನ ಕಟ್ಟೆ ಇಳಿಸುವಾಗ ಓರೆ ಇಳಿಸಬಾರದು, ಪಕ್ಕಕ್ಕೆ ವಾಲಿಬಿಡುತ್ತೆ. ನೇರ ನಿಲ್ಲಿಸಿ, ಎರಡೂ ಕೈಲಿ ಹಿಡಿ ಅದುಮಿ ಇಳಿಸ್ಬೇಕು."

"ನನಗೇ ಪಾಠ ಹೇಳ್ತೀಯಲ್ಲೇ. ನಿನ್ನನ್ನ ಹಿಮದಲ್ಲಿ ಮನೆ ಬಾಗಿಲಿಗೆ ತಂದುಬಿಟ್ಟೋನು ನಾನು."

"ಬಸ್ಸಿಗೆ ಮುಂದೆ ಎರಡು ಚಕ್ರ ಇತ್ತಲ್ಲ" ಎಂದಳು ಹೆನ್ನಿ. ಅವಳ ಕಣ್ಣು ಒಂದು ಕ್ಷಣ ಅವನ ಜೇಬಿನ ಮೇಲೆ ನಿಂತು, ತಟ್ಟನೆ ಗೊಂಬೆಗಳ ಕಡೆ ಹೋಯಿತು. "ಬಣ್ಣ ಯಾವುದು ಕೊಡ್ಲಿ?"

ಮೂರು ಚಕ್ರ ನೋಡಿ ರಿಕ್ಕೆ, ನಾಲ್ಕನೆಯದನ್ನು ಹುಡುಕುವವಳಂತೆ ಗಾಡಿಯ ಸುತ್ತ ಒಂದು ಸುತ್ತು ಬಂದಳು. "ಈಗ ಎಲ್ಲರೂ ಇದನ್ನೇ ತಗೊಳ್ಳೋದು" ಎಂದ ತೋರ್ಕಿಲ್. ಹೊಸದೆಂದರೆ ಟೋಪಿಯನ್ನೂ ನಂಬದ ಮನುಷ್ಯ ಹೀಗೆಂದಾಗ ಅವಳಿಗೆ ಎಲ್ಲವೂ ಅರ್ಥವಾಗಿರಬೇಕು. "ಚೆನ್ನಾಗಿದೆ ಅಪ್ಪಾ" ಎಂದಳು.

ವಿಗ್ಗಾ ಹುಟ್ಟಿದಳು. ತೋರ್ಕಿಲ್‌ಗೆ ಈ ಲೋಕದಲ್ಲಿ ಉಳಿದದ್ದು ಒಂದೇ ಆಸೆ: ಮೊಮ್ಮಗಳನ್ನು ತಾನೊಬ್ಬನೇ ಬಂದರಿನವರೆಗೆ ಕರೆದೊಯ್ದು ಬರಬೇಕು. ಆಗದ ಮಾತೇನಲ್ಲ. ಆದರೆ ಅವನು ಗಾಡಿ ತಳ್ಳಿದಾಗಲೆಲ್ಲ ರಿಕ್ಕೆ ಪಕ್ಕದಲ್ಲೇ ನಡೆಯುವಳು, ಅವಳ ಒಂದು ಕೈ ಹಿಡಿಯ ಮೇಲೆ. ಹೊಸದಾಗಿ ಬಸ್ಸು ಕಲಿಯುವವರ ಪಕ್ಕ ಹಿಂದೆ ತಾನೂ ಹಾಗೆಯೇ ಕೂರುತ್ತಿದ್ದದ್ದು ನೆನಪಾಗಿ ಅವನಿಗೆ ಮೈಯುರಿಯುತ್ತಿತ್ತು. "ನಾಳೆ ನಾನೇ ಕರ್ಕೊಂಡು ಹೋಗ್ತೀನಿ" ಎನ್ನುವನು. "ನಾಳೆ ಮಳೆಯಂತೆ" ಎನ್ನುವಳು. ಆ ಬೇಸಿಗೆಯಲ್ಲಿ ಸ್ವಾನೆಕೆಯಲ್ಲಿ ಬೀಳದ ಮಳೆಯೆಲ್ಲ ರಿಕ್ಕೆಯ ಬಾಯಲ್ಲೇ ಬಿದ್ದಿತು.

ಒಂದು ಭಾನುವಾರ ಅವನು ಊಟದ ಮೇಜಿನಲ್ಲಿ ಚಮಚ ಕೆಳಗಿಟ್ಟ. "ನೇರವಾಗಿ ಹೇಳಿಬಿಡು ಮಗಳೇ. ನನ್ನ ಕೈಗೆ ಕೊಡಲ್ಲ ಅಂತ ಹೇಳು, ಕೇಳೋದು ಬಿಡ್ತೀನಿ."

ರಿಕ್ಕೆ ಗಂಡನ ಮುಖ ನೋಡಿದಳು. ಗಂಡ ಆಸ್ಗರ್ ತಟ್ಟೆಯ ಮುಖ ನೋಡಿದ. "ನಾಳೆ ಬಾ ಅಪ್ಪಾ" ಎಂದಳು.

ಮಾರನೆಯ ದಿನ ತೋರ್ಕಿಲ್ ಗಡ್ಡ ಹೆರೆದುಕೊಂಡು, ಇಂಗೆಯ ಹುಟ್ಟುಹಬ್ಬಕ್ಕೆ ಹಾಕುತ್ತಿದ್ದ ಅಂಗಿ ಹಾಕಿಕೊಂಡು ಬಂದ. ಗಾಡಿ ಗೇಟಿನ ಬಳಿ ಸಿದ್ಧವಾಗಿತ್ತು. ಮುಸುಕು ಎಳೆದಿತ್ತು, ಮೇಲೆ ನೊಣದ ಬಲೆ.

"ಈಗಷ್ಟೇ ಮಲಗಿದಾಳೆ, ಮುಸುಕು ಎತ್ತಬೇಡ" ಎಂದಳು ರಿಕ್ಕೆ. ಅವಳ ಕಣ್ಣು ಯಾಕೋ ಅವನ ಅಂಗಿಯ ಮೇಲೆಯೇ ಇತ್ತು.

"ನಿನ್ನನ್ನೂ ನಾನೇ ಮಲಗಿಸ್ತಿದ್ದದ್ದು ಕಣೇ" ಎಂದು ಅವನು ಹೊರಟ.

ಇಳಿಜಾರಿನ ಬೀದಿಯಲ್ಲಿ ಅವನು ನಡೆದ ರೀತಿಯನ್ನು ಅಂದು ಕಿಟಕಿಗಳಿಂದ ನೋಡಿದವರು ಮರೆತಿಲ್ಲ. ರಾಜನ ರಥವನ್ನೂ ಯಾರೂ ಅಷ್ಟು ನಿಧಾನವಾಗಿ ನಡೆಸಿರಲಾರರು. ಪ್ರತಿ ಗುಂಡುಕಲ್ಲನ್ನೂ ಮಾತಾಡಿಸಿಕೊಂಡು ದಾಟಿದ. "ಇದು ಚರ್ಚು ವಿಗ್ಗಾ. ಕೆಂಪಗಿದೆ, ಎದ್ದ ಮೇಲೆ ನೋಡ್ವೆಯಂತೆ. ಅಗೋ ಅಲ್ಲಿ ನಿಮ್ಮಜ್ಜಿ ನನ್ನ ಮೇಲೆ ಕೋಪ ಮಾಡ್ಕೊಂಡು ಬಸ್ಸಿಂದ ಇಳಿದಿದ್ದು." ಮುಸುಕಿನೊಳಗಿನಿಂದ ಸದ್ದಿಲ್ಲ. ಎಂಥ ಒಳ್ಳೆಯ ಮಗು, ಎಂಥ ನಿದ್ದೆ.

ಮೀನು ಹೊಗೆ ಹಾಕುವ ಮನೆಯ ಮುಂದಿನ ಬೆಂಚಿನಲ್ಲಿ ಹಳೆಯ ಗೆಳೆಯ ಪ್ರೆಬೆನ್ ಕೂತಿದ್ದ. "ಏನಯ್ಯಾ, ಒಂದು ಚಕ್ರ ಎಲ್ಲಿ ಬೀಳಿಸ್ಕೊಂಡು ಬಂದೆ?"

"ಮೆತ್ತಗೆ ಮಾತಾಡೋ. ಮಗು ಮಲಗಿದೆ."

"ಒಬ್ಬನ ಕೈಗೇ ಕೊಟ್ಟಳೇನು?" ಪ್ರೆಬೆನ್ ಬೆಂಚಿನಿಂದ ಅರ್ಧ ಎದ್ದ. "ಎಲ್ಲಿ, ಮುಖ ತೋರಿಸು."

"ಕೈ ಹಾಕಿದ್ರೆ ಮುರೀತೀನಿ. ನಿನ್ನ ಮೂತಿ ನೋಡಿ ಎದ್ದರೆ ಸಾಯಂಕಾಲದವರೆಗೆ ಅಳುತ್ತೆ."

"ನಿನ್ನ ಮೂಗು ಬಂದಿದ್ಯಂತೆ ಪಾಪ, ಹೇಗೂ ಅಳಲೇಬೇಕು" ಎಂದು ಪ್ರೆಬೆನ್ ಕೂತ. ಆಮೇಲೆ ಮೆಲ್ಲಗೆ, "ಒಳ್ಳೇದಾಯ್ತು ಬಿಡಪ್ಪ" ಎಂದ. ತೋರ್ಕಿಲ್ ಸಮುದ್ರದ ಕಡೆ ತಿರುಗಿ ಮೂಗು ಒರೆಸಿಕೊಂಡ.

ವಾಪಸು ಹತ್ತುವಾಗ ಚರ್ಚಿನ ಮೂಲೆಯಲ್ಲಿ ಬೀದಿ ದಾಟಬೇಕಿತ್ತು. ಬ್ರೆಡ್ಡಿನ ವ್ಯಾನೊಂದು ಬಂದು ಅವನಿಗಾಗಿ ನಿಂತಿತು. ಒಳಗಿದ್ದವನು ದಾಟಿ ಎಂದು ಕೈ ಬೀಸಿದ. ಹಿಂದೆ ಇನ್ನೊಂದು ಕಾರು ಬಂತು. ಸಾಲು ನಿಲ್ಲಿಸಿಕೊಂಡು ಕಾಯಿಸುವುದು ಜನ್ಮದಲ್ಲಿ ತೋರ್ಕಿಲ್‌ಗೆ ಆಗಿಬರುವುದಿಲ್ಲ. ಬಸ್ಸು ಹೊತ್ತಿಗೆ ಸರಿಯಾಗಿ ತಂದ ಮನುಷ್ಯ. ಅವಸರಪಟ್ಟ. ನೇರ ನಿಲ್ಲಿಸಬೇಕು, ಎರಡು ಕೈ ಬೇಕು ಎಂಬುದು ತಲೆಗೆ ಹೊಳೆಯಿತು. ಎಡಗೈ ಜೇಬಿನಿಂದ ಹೊರಬಂತು ಕೂಡ. ಬಂದು ಹಿಡಿಯ ಮೇಲೆ ಬಿತ್ತು, ಆದರೆ ಹಿಡಿಯಲಿಲ್ಲ. ಕಟ್ಟೆಯಿಂದ ಓರೆಯಾಗಿ ಇಳಿದ ಮುಂದಿನ ಚಕ್ರ ಎರಡು ಗುಂಡುಕಲ್ಲುಗಳ ನಡುವೆ ಸಿಕ್ಕಿಕೊಂಡಿತು. ಗಾಡಿ ಯೋಚಿಸಿ ಮಾಡುವಂತೆ ನಿಧಾನವಾಗಿ ಪಕ್ಕಕ್ಕೆ ವಾಲಿ, ಕಲ್ಲಿನ ಮೇಲೆ ಉರುಳಿತು.

ಅಳು ಕೇಳಲಿಲ್ಲ. ಅದೇ ಅವನ ಜೀವ ಹಿಂಡಿದ್ದು. ಮಂಡಿಯೂರಿ ಬಿದ್ದು ದುಪ್ಪಟಿಯೊಳಕ್ಕೆ ಬಲಗೈ ತೂರಿಸಿದ. ಬೆರಳಿಗೆ ತಣ್ಣಗಿನ, ಗಟ್ಟಿಯಾದ, ದುಂಡಗಿನದೇನೋ ತಗಲಿತು. ಅವನ ಬಾಯಿಂದ ಬಂದ ಸದ್ದಿಗೆ ಹೆಸರಿಲ್ಲ.

ಆಮೇಲೆ ಆ ದುಂಡಗಿನದು ಕೈತಪ್ಪಿ ಹೊರಬಂದು ಬೀದಿಯಲ್ಲಿ ಉರುಳಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಮಣ್ಣು ಅಂಟಿದ ಹೊಸ ಆಲೂಗಡ್ಡೆಗಳು ಇಳಿಜಾರಿನಲ್ಲಿ ಬಂದರಿನ ಕಡೆಗೆ ಹೊರಟವು.

ವ್ಯಾನಿನವನು ಇಳಿದು ಓಡಿಬಂದ. "ಅಬ್ಬಾ, ಮಗೂನೇ ಅಂದ್ಕೊಂಡೆ ನಾನು" ಎಂದು ನಕ್ಕು, ನಾಲ್ಕಾರನ್ನು ಅಡ್ಡಗಟ್ಟಿ ಹಿಡಿದು ತಂದುಕೊಟ್ಟ. "ಮಾರ್ಕೆಟ್ಟಿಗೆ ಒಳ್ಳೆ ಗಾಡಿ ಇದು. ಪೆಟ್ಟಾಯ್ತಾ ನಿಮಗೆ?"

"ಇಲ್ಲಪ್ಪ" ಎಂದ ತೋರ್ಕಿಲ್.

ಮೊದಲು ಬಂದದ್ದು ಸಂತೋಷವೇ. ಮಗು ಬದುಕಿದೆ, ಮನೆಯಲ್ಲಿದೆ. ಚರ್ಚಿನ ಗೋಡೆಗೆ ಒರಗಿ ಕೂತು ಬಿಕ್ಕಿದ. ಸಂತೋಷ ಮುಗಿದ ಮೇಲೆ ಮಿಕ್ಕದ್ದು ಬಂತು. ತೂಕಕ್ಕೆಂದು ಚೀಲದಲ್ಲಿ ತುಂಬಿಟ್ಟಿದ್ದಾರೆ. ಕೆಂಪು ಚರ್ಚನ್ನು ತೋರಿಸಿದ್ದು ಆಲೂಗಡ್ಡೆಗೆ. ಇಂಗೆಯ ಕಥೆ ಹೇಳಿದ್ದು ಆಲೂಗಡ್ಡೆಗೆ. ಪ್ರೆಬೆನ್‌ನ ಕೈ ಮುರಿಯುತ್ತೇನೆ ಎಂದದ್ದೂ ಅದಕ್ಕಾಗಿಯೇ. ಊರಿನ ಮಕ್ಕಳನ್ನೆಲ್ಲ ಮನೆ ಮುಟ್ಟಿಸಿದವನಿಗೆ ಒಂದು ಮಗುವನ್ನು ಕೊಡಲಿಲ್ಲ. ಕೋಪ ಮಾಡಿಕೊಳ್ಳಬೇಕೆಂದು ಬಹಳ ಪ್ರಯತ್ನಪಟ್ಟ. ಆದರೆ ಚೀಲದಲ್ಲಿ ಒಂದು ಆಲೂಗಡ್ಡೆ ಕಲ್ಲಿಗೆ ಬಡಿದು ಸೀಳಿತ್ತು. ಅದನ್ನು ನೋಡುತ್ತ ಕೋಪ ಮಾಡಿಕೊಳ್ಳಲು ಅವನಿಗೆ ಬರಲಿಲ್ಲ.

ಸೀಳಿದ್ದನ್ನು ಎಸೆದುಬಿಡಬಹುದಿತ್ತು. ಮುಸುಕಿನ ತರಚಿಗೆ ಉಗುಳು ಹಚ್ಚಿ ಒರೆಸಬಹುದಿತ್ತು. ಒರೆಸಿಯೂ ನೋಡಿದ, ಹೆಚ್ಚುಕಡಿಮೆ ಹೋಯಿತು. ವ್ಯಾನಿನವನು ಈ ಊರಿನವನಲ್ಲ.

ಗೇಟಿನಲ್ಲಿ ರಿಕ್ಕೆ ನಿಂತಿದ್ದಳು. ಅತ್ತು ಕಣ್ಣು ಊದಿತ್ತು. ಅವನು ಬಾಯಿ ತೆರೆಯುವ ಮೊದಲೇ ಅವಳೇ ಶುರು ಮಾಡಿದಳು. "ಅಪ್ಪಾ, ಅದರಲ್ಲಿ ವಿಗ್ಗಾ ಇಲ್ಲ. ನಿನಗೆ ಬೇಡ ಅನ್ನೋಕೂ ಆಗ್ಲಿಲ್ಲ, ಹೂಂ ಅನ್ನೋಕೂ ಧೈರ್ಯ ಬರ್ಲಿಲ್ಲ. ನೀನು ಆ ಅಂಗಿ ಹಾಕ್ಕೊಂಡು ಬಂದೆಯಲ್ಲ, ಆಗ್ಲಿಂದ ನನಗೆ ಸಾಯೋ ಹಾಗಾಗಿದೆ. ಆಸ್ಗರ್ ಮೇಲಿನ ಕಿಟಕೀಲಿ ನೋಡ್ತಿದ್ದ, ಇಳಿಜಾರು ಎಷ್ಟು ಚೆನ್ನಾಗಿ ಇಳಿಸಿದೆಯಂತೆ. ನಾಳೆ ಅವಳನ್ನೇ ಕರ್ಕೊಂಡು ಹೋಗು. ನಿಜವಾಗ್ಲೂ."

ಒಳಗೆ ಮಗು ಅಳುತ್ತಿತ್ತು. ನಾಳೆ. ಇಷ್ಟು ದಿನ ಕೇಳಿದ್ದು ಅದನ್ನೇ, ಈಗ ಕೇಳದೆಯೇ ಸಿಕ್ಕಿತ್ತು. ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು.

ತೋರ್ಕಿಲ್ ಚೀಲಕ್ಕೆ ಕೈ ಹಾಕಿ, ಸೀಳಿದ ಆಲೂಗಡ್ಡೆಯನ್ನು ತೆಗೆದು ಮಗಳ ಅಂಗೈಯಲ್ಲಿಟ್ಟ.

"ಚರ್ಚಿನ ಹತ್ರ ಬಿತ್ತು" ಎಂದ. "ಕೈ ಹಿಡೀಲಿಲ್ಲ ರಿಕ್ಕೆ."

ಅವಳು ಅದನ್ನು ನೋಡಿದಳು. ಅಂಚಿನಲ್ಲಿ ಬೀದಿಯ ಮಣ್ಣು ಮೆತ್ತಿಕೊಂಡಿತ್ತು. ಅವಳ ಬೆರಳುಗಳು ಮುಚ್ಚಿಕೊಂಡವು. ನಾಳೆಯ ಮಾತನ್ನು ಅವಳು ಮತ್ತೆ ಎತ್ತಲಿಲ್ಲ, ಅವನೂ ಎತ್ತಲಿಲ್ಲ.

ಸಾಯಂಕಾಲ ಹುರಿದ ಹಂದಿಮಾಂಸದ ಜೊತೆ ಅದೇ ಆಲೂಗಡ್ಡೆ ಬೇಯಿಸಿದ್ದರು. ಎಸೆಯುವುದಕ್ಕೆ ಯಾರಿಗೂ ಮನಸ್ಸು ಬಂದಿರಲಿಲ್ಲ. ಆಸ್ಗರ್ ಹವಾಮಾನದ ಬಗ್ಗೆ ತನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿ ಮುಗಿಸಿ, ಮತ್ತೆ ಮೊದಲಿನಿಂದ ಶುರು ಮಾಡಿದ. ತೋರ್ಕಿಲ್ ಫೋರ್ಕು ಹಿಡಿದು ಒಂದು ಆಲೂಗಡ್ಡೆಯನ್ನು ಒತ್ತಿದ. ಆಸರೆಗೆ ಇನ್ನೊಂದು ಕೈ ಇಲ್ಲದೆ ಅದು ತಟ್ಟೆಯ ಅಂಚಿಗೆ ಜಾರಿತು. ಮತ್ತೆ ಒತ್ತಿದ, ಮತ್ತೆ ಜಾರಿತು. ಇಷ್ಟು ದಿನ ಇಂಥ ಹೊತ್ತಿನಲ್ಲಿ ಅವನು ಹಸಿವಿಲ್ಲ ಎಂದು ತಟ್ಟೆ ಸರಿಸುತ್ತಿದ್ದ, ಉಳಿದವರು ಹೌದೆನ್ನುತ್ತಿದ್ದರು.

ರಿಕ್ಕೆ ಎದ್ದು ಬಂದು ಅವನ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಆಲೂಗಡ್ಡೆಯನ್ನು ಸಣ್ಣದಾಗಿ ಹೆಚ್ಚಿ, ಸಾರು ಬೆರೆಸಿ, ಬಾಯಿಗೆ ಹಿಡಿಸುವಷ್ಟು ಮೆತ್ತಗೆ ಮಾಡಿದಳು. ಇನ್ನು ಕೆಲವು ತಿಂಗಳಿಗೆ ವಿಗ್ಗಾಳಿಗೂ ಹೀಗೆಯೇ ಮಾಡಿಕೊಡಬೇಕು. ತಟ್ಟೆ ವಾಪಸು ಸರಿಸಿದಳು.

ಅವನು ಬೇಡ ಎನ್ನಲಿಲ್ಲ. ಎಡಗೈಯನ್ನು ಜೇಬಿನಿಂದ ತೆಗೆದು, ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಟ್ಟು, ತಿನ್ನತೊಡಗಿದ.