ಗಾಡಿ ನಿಲ್ಲಿಸಿದ ಗಾಜಕ್ಕ

ಗಾಜಿನ ವ್ಯಾಪಾರಿಯಾದ ನನಗೆ ಮನುಷ್ಯರನ್ನೂ ಬೆಳಕಿಗೆ ಹಿಡಿದು ನೋಡುವ ಚಾಳಿ. ನಮ್ಮ ಲಾರಿಯ ಡ್ರೈವರಮ್ಮನನ್ನು ಹಾಗೆ ನೋಡಿದರೆ ದಪ್ಪ ಮಾಲು, ಗುಳ್ಳೆಯಿಲ್ಲ, ಗೀರಿಲ್ಲ. ಆದರೆ ಅಂಚು ಉಜ್ಜಿಲ್ಲ. ಹುಷಾರಾಗಿ ಹಿಡಿಯದವನ ಕೈ ಕುಯ್ಯುತ್ತದೆ. ನನ್ನ ಅಂಗಡಿಯ ಗಾಜು, ಕನ್ನಡಿ ಸಾಗಿಸಿ ಸಾಗಿಸಿ ಎಲ್ಲರ ಬಾಯಲ್ಲೂ ಅವಳು ಗಾಜಕ್ಕ. ವಯಸ್ಸು ಕೇಳಿದರೆ "ಲಾರಿದಾ, ನಂದಾ?" ಎನ್ನುತ್ತಾಳೆ.

ಅವಳಿಗೆ ಸಕ್ಕರೆ ಕಾಯಿಲೆ. ಮಾತ್ರೆ ಸಾಲದೆ ಇನ್ಸುಲಿನ್ ಚುಚ್ಚಿಕೊಳ್ಳುವ ಕಾಲ ಬಂದ ವರ್ಷವೇ ಲೈಸೆನ್ಸ್ ನವೀಕರಣವೂ ಬಂತು. ಡಾಕ್ಟರ ಸರ್ಟಿಫಿಕೇಟ್ ಇಲ್ಲದೆ ಲಾರಿ ಮುಟ್ಟುವಂತಿಲ್ಲ. ಲೈಸೆನ್ಸ್ ಆಫೀಸಿನ ಮುಂದೆ ಕೊಡೆ ಹಾಕಿಕೊಂಡು ಕೂರುವ ಏಜೆಂಟ್ ಸಲೀಸು ದಾರಿ ಹೇಳಿದ.

"ಅಕ್ಕ, ಸಕ್ಕರೆ ಗಿಕ್ಕರೆ ಅಂತ ಯಾಕೆ ಬಾಯಿ ಬಿಡ್ತೀರಾ? ಏನೂ ಕಾಯಿಲೆ ಇಲ್ಲ ಅಂತ ಚೀಟಿ ತರಿಸಿಕೊಡ್ತೀನಿ. ಡಾಕ್ಟರ ಮುಖಾನೂ ನೋಡ್ಬೇಕಾಗಿಲ್ಲ."

"ಬಚ್ಚಿಟ್ಟು ಸಾಗ್ಸೋಕೆ ನಾನೇನು ಕಳ್ಳಮಾಲಾ? ಕಾಯಿಲೆ ಇದೆ ಅಂತಾನೂ ಬರೀಲಿ, ಓಡಿಸ್ಬಹುದು ಅಂತಾನೂ ಬರೀಲಿ. ಎರಡೂ ನಿಜ."

ಅವನು ಜೊತೆಗೆ ಹೋಗಿದ್ದ ನನ್ನ ಮುಖ ನೋಡಿದ. ನಾನು ಅವನ ಕೊಡೆ ನೋಡಿದೆ.

ಹಳೆಯ ಲೈಸೆನ್ಸಿನ ಅವಧಿ ಇನ್ನೂ ಉಳಿದಿತ್ತು. ಅಷ್ಟರೊಳಗೆ ಮೂರು ತಿಂಗಳು, ಗಾಡಿ ಹತ್ತುವ ಮುಂಚೆ ಮತ್ತು ದಾರಿಯಲ್ಲಿ ಆಗಾಗ ಬೆರಳು ಚುಚ್ಚಿ ನೋಡಿ, ಅಂಕಿಗಳೆಲ್ಲ ಉಳಿದಿರುವ ಸಕ್ಕರೆ ಮೀಟರನ್ನು ಹಾಗೇ ತಂದು ಒಪ್ಪಿಸಬೇಕೆಂದು ಡಾಕ್ಟರು ಹೇಳಿದರು. ಸಕ್ಕರೆ ಏರಿದರೆ ಔಷಧ ಉಂಟು. ದಾರಿಯಲ್ಲಿ ಕುಸಿದರೆ ಮಾತ್ರ ಸಹಿ ಅನುಮಾನ. ಕುಸಿದರೆ ಕಣ್ಣು ಮಂಜಾಗುತ್ತದೆ, ಕೈ ನಡುಗುತ್ತದೆ, ಪ್ರಜ್ಞೆಯೂ ತಪ್ಪಬಹುದು.

ಮೂರು ತಿಂಗಳು ಮುಗಿಯುತ್ತ ಬಂದಾಗ ಬಟ್ಟೆ ಅಂಗಡಿಯೊಂದಕ್ಕೆ ಆಳೆತ್ತರದ ಕನ್ನಡಿಗಳನ್ನು ಒಯ್ಯುತ್ತಿದ್ದೆವು. ಗಿರಾಕಿ ಸಿಡುಕ, ಸಮಾಧಾನ ಮಾಡಲೆಂದು ನಾನೂ ಕ್ಯಾಬಿನ್ನಿನಲ್ಲಿ ಕೂತಿದ್ದೆ. ದೊಡ್ಡ ಇಳಿಜಾರಿನ ನೆತ್ತಿಯಲ್ಲಿ ಗಾಜಕ್ಕ ಲಾರಿಯನ್ನು ಪಕ್ಕಕ್ಕೆ ಹಾಕಿ ಬೆರಳು ಚುಚ್ಚಿಕೊಂಡಳು. ಸಕ್ಕರೆ ಕುಸಿದಿತ್ತು. ಇಂಜಿನ್ ಆರಿಸಿ ಜ್ಯೂಸ್ ಪೊಟ್ಟಣಕ್ಕೆ ಸ್ಟ್ರಾ ಚುಚ್ಚಿದಳು. ಕೆಳಗೆ ಅಂಗಡಿಯ ಬೋರ್ಡು ಕಾಣುತ್ತಿತ್ತು. ಗಿರಾಕಿಯ ಕರೆಗೆ ನನ್ನ ಫೋನು ಬಡಿದುಕೊಳ್ಳುತ್ತಿತ್ತು.

"ಅಲ್ಲೇ ಕಾಣ್ತಿದೆಯಲ್ಲಮ್ಮಾ, ಇಳಿಸ್ಬಿಡು! ಅಲ್ಲಿ ಹೋಗಿ ಎಷ್ಟು ಬೇಕಾದ್ರೂ ಕುಡಿ," ಎಂದು ರೇಗಿದೆ.

ಅವಳು ಕೀ ಕಿತ್ತು ಮಡಿಲಲ್ಲಿಟ್ಟುಕೊಂಡಳು. "ಕನ್ನಡಿ ನಿಮ್ದು ಯಜಮಾನ್ರೇ, ಸ್ಟೀರಿಂಗ್ ನಂದು."

"ನಿನ್ನಂಥವಳನ್ನ ಇಟ್ಕೊಂಡ ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಹೋಗ್ಲಿ, ಮೀಟರಲ್ಲಿ ಯಾಕೆ ನೋಡ್ದೆ? ಸುಮ್ನೆ ಕುಡಿದಿದ್ರೆ ಡಾಕ್ಟರಿಗೆ ಗೊತ್ತಾಗ್ತಿತ್ತಾ?"

"ನೋಡದೇ ಇದ್ರೆ ನಂಗೆ ಹೇಗ್ರೀ ಗೊತ್ತಾಗೋದು?"

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಚುಚ್ಚಿದಳು; ಸಾಲದು. ಬಿಸ್ಕತ್ತು ತಿಂದಳು, ನನಗೂ ಒಂದು ಕೊಟ್ಟಳು. ಸಿಟ್ಟಿನಲ್ಲೇ ತಿಂದೆ. ಸಕ್ಕರೆ ಏರಿ ಕೈ ಸ್ಥಿರವಾದ ಮೇಲೂ ಇನ್ನೊಂದಷ್ಟು ಹೊತ್ತು ಕೂತಿದ್ದು ಆಮೇಲೆ ಹೊರಟಳು. ಅರ್ಧ ಇಳಿದಿದ್ದೆವು, ಸೈಕಲ್ಲಿನವನೊಬ್ಬ ತಿರುವಿನಲ್ಲಿ ಜಾರಿ ನಮ್ಮ ಮುಂದೆಯೇ ಬಿದ್ದ. ಲಾರಿ ಅವನಿಂದ ಒಂದು ಮಾರು ದೂರದಲ್ಲಿ ನಿಂತಿತು. ಮತ್ತೆ ಬಡಿದುಕೊಂಡ ಫೋನನ್ನು ನಾನು ಆರಿಸಿ ಜೇಬಿಗಿಟ್ಟೆ.

ಮೂರು ತಿಂಗಳು ಮುಗಿದ ಮೇಲೆ ಡಾಕ್ಟರು ಮೀಟರ್ ನೋಡುತ್ತ ಅವತ್ತು ಕುಸಿದಿದ್ದ ಅಂಕಿಯ ಮೇಲೇ ಬೆರಳಿಟ್ಟರು. "ಆಗ ಗಾಡಿ ಓಡ್ತಿತ್ತಾ?"

"ನಿಲ್ಲಿಸಿ ನೋಡಿದ್ದು. ಹೊರಟಿದ್ದು ಮತ್ತೆ ಸರಿಹೋದ್ಮೇಲೇನೇ. ಸಾಕ್ಷಿ ಹೊರಗೆ ಬೆಂಚಿನ ಮೇಲೆ ಕೂತಿದೆ."

ಸಾಕ್ಷಿ ನಾನೇ. ಒಳಗೆ ಹೋಗಿ, ನಡೆದದ್ದಕ್ಕೆ ಕೊಂಚ ಪಾಲಿಶ್ ಹಾಕಿ ಹೇಳತೊಡಗಿದೆ.

"ಬೈದಿದ್ದನ್ನ ನುಂಗ್ಬೇಡಿ ಯಜಮಾನ್ರೇ. ಪೂರ್ತಿ ಹೇಳಿ."

ಹೇಳಿದೆ, ಬುದ್ಧಿಗೆ ಹಾಕಿಕೊಂಡ ಬೆಂಕಿಯ ಸಮೇತ. ಡಾಕ್ಟರು ನಕ್ಕರು. "ಇಷ್ಟು ಬೈಸಿಕೊಂಡೂ ಕೀ ಹಾಕಲಿಲ್ವಾ?" ಆದರೂ ಅವತ್ತೇ ಸಹಿ ಮಾಡಲಿಲ್ಲ. ಇನ್ಸುಲಿನ್ ಅಳತೆ ಬದಲಿಸಿ, ಎರಡು ವಾರ ಲಾರಿ ಮುಟ್ಟಬೇಡಿ ಎಂದರು. ಆ ಎರಡು ವಾರ ಗಾಜಕ್ಕ ನನ್ನ ಅಂಗಡಿಯಲ್ಲಿ ಕೂತು, ನನ್ನ ಗಿರಾಕಿಗಳ ಎದುರಿಗೇ ನನ್ನ ದರಗಳನ್ನು ಆಡಿಕೊಂಡಳು.

ಆಮೇಲೆ ಸರ್ಟಿಫಿಕೇಟ್ ಬಂತು. ಕಾಯಿಲೆ ಇದೆ, ಓಡಿಸಬಹುದು, ಎರಡೂ ಅದರಲ್ಲಿತ್ತು. ವರ್ಷ ವರ್ಷ ಬಂದು ತೋರಿಸಬೇಕೆಂದೂ ಇತ್ತು. ಅದರ ನಕಲನ್ನು ಹೊರಗಿನವರು ಓದುವ ಹಾಗೆ ಲಾರಿಯ ಮುಂದಿನ ಗಾಜಿಗೆ ಅಂಟಿಸಿದಳು. ಏಜೆಂಟಿನ ಕೊಡೆಯೆದುರು ಲಾರಿ ನಿಲ್ಲಿಸಿ, ಅವನು ನೋಡುವ ಹಾಗೆ ಬೆರಳು ಚುಚ್ಚಿಕೊಂಡಳು.

ಗಾಜಕ್ಕನ ಋಣ ನನ್ನ ಮೇಲಿರುವುದು ಇಷ್ಟು: ಆ ಇಳಿಜಾರನ್ನು ನಾನು ಜೀವಂತ ಇಳಿದೆ.