ಹದಿನಾಲ್ಕು ಪ್ರತಿ

ಸೀಲಣ್ಣನಿಗೆ ವಾರಕ್ಕೆ ಒಂದೇ ಊಟ. ಮಿಕ್ಕ ಆರು ದಿನ ಅವನು ಮಾಡುತ್ತಿದ್ದುದು ಹೊಟ್ಟೆ ತುಂಬಿಸುವ ಕೆಲಸ. ಭಾನುವಾರ ಮಧ್ಯಾಹ್ನ ಅಕ್ಕನ ಮನೆಯಲ್ಲಿ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು, ಬೇಕೋ ಬೇಡವೋ ಎಂದು ಕೇಳದೆ ಅಕ್ಕ ಎರಡನೇ ಸಲ ಬಡಿಸಿದ್ದನ್ನು ತಿನ್ನುತ್ತಿದ್ದನಲ್ಲ, ಊಟವೆಂದರೆ ಅದು. ಅವನಿಗೆ ಮದುವೆಯಾಗಲಿಲ್ಲ. ತಾಯಿ ಹೋದಾಗ ಅವನಿಗೆ ಆರು ವರ್ಷ, ಅಕ್ಕನಿಗೆ ಹದಿನೈದು. ತಲೆ ಬಾಚಿದವಳು, ಬೈದವಳು, ಬೆಳೆಸಿದವಳು ಎಲ್ಲ ಅವಳೇ. ಆ ಕುರ್ಚಿ ತಪ್ಪಿದರೆ ಈ ಭೂಮಿಯ ಮೇಲೆ ತನಗೆ ಇನ್ನೊಂದು ಜಾಗವಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಇಪ್ಪತ್ತಾರು ವರ್ಷ ಅವನು ಒಂದು ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದ್ದು ಆ ಕುರ್ಚಿಗಾಗಿಯೇ.

ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಅದು ಸಂಬಳದ ಚೀಟಿಯಲ್ಲಿ ಉಳಿಯಿತು, ಮಿಕ್ಕ ಕಡೆಯೆಲ್ಲ ಅವನು ಸೀಲಣ್ಣನೇ.

ಅವನು ದುಡಿಯುತ್ತಿದ್ದುದು ಕಂಪನಿಗಳಿಗೆ ಸಲಹೆ ಕೊಡುವ ಕಂಪನಿಯಲ್ಲಿ. ಈಗ ಅದಕ್ಕೆ ಗಾಜಿನ ಆರು ಮಹಡಿಗಳಿವೆ. ಶುರುವಾದದ್ದು ದರ್ಜಿಯ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ. ಸಾಹೇಬರು, ಒಬ್ಬ ಟೈಪಿಸ್ಟ್, ಆಮೇಲೆ ಇವನು, ಇಷ್ಟೇ ಜನ. ಕೆಳಗೆ ಹೊಲಿಗೆ ಯಂತ್ರ ಓಡಿದರೆ ಮೇಲೆ ಮೇಜು ನಡುಗುತ್ತಿತ್ತು. ಯಾರಾದರೂ ಹೊಸ ಕಂಪನಿ ತೆರೆಯಬೇಕೆಂದು ಬಂದರೆ ಸಾಹೇಬರು ಅದರ ಕಾಗದಪತ್ರ ಮಾಡಿಸಿ, ಸಭೆ ಹೇಗೆ ನಡೆಸಬೇಕು, ಯಾರು ಎಲ್ಲಿ ಸಹಿ ಹಾಕಬೇಕು ಎಂದು ಹೇಳಿಕೊಡುತ್ತಿದ್ದರು. ಸ್ವಂತಕ್ಕೆ ಒಂದು ಗೂಡಂಗಡಿಯನ್ನೂ ನಡೆಸಿದವರಲ್ಲ. ಸಲಹೆ ಕೊಡಲು ಅದೆಲ್ಲ ಬೇಕಾಗಿಲ್ಲ ನೋಡಿ.

ಆಗೆಲ್ಲ ಪ್ರತಿ ಕಂಪನಿಗೂ ತನ್ನದೇ ಮುದ್ರೆ ಇರಬೇಕಿತ್ತು. ಮುದ್ರೆಯೆಂದರೆ ಶಾಯಿಯದಲ್ಲ. ಕಬ್ಬಿಣದ ಒತ್ತುಯಂತ್ರದ ಬಾಯಿಗೆ ಕಾಗದ ಕೊಟ್ಟು ಹಿಡಿಕೆ ಅದುಮಿದರೆ ಕಂಪನಿಯ ಹೆಸರು ಕಾಗದದ ಮೇಲೆ ಉಬ್ಬಿ ನಿಲ್ಲುತ್ತಿತ್ತು. ಹಾಗೆ ನಿಂತ ಮೇಲೆಯೇ ಕಾಗದಕ್ಕೆ ಜೀವ. ಆ ಯಂತ್ರಗಳನ್ನೆಲ್ಲ ಕಪಾಟಿನಲ್ಲಿ ಕಾಯುವುದು, ಬೇಕಾದಾಗ ತೆಗೆದು ಒತ್ತುವುದು ಸೀಲಣ್ಣನ ಕೆಲಸ. ಒತ್ತಿ ಒತ್ತಿ ಅವನ ಬಲಭುಜ ಎಡಭುಜಕ್ಕಿಂತ ಒಂದು ಬೆರಳು ಕೆಳಗಿಳಿದಿತ್ತು.

ಸೇರಿದ ದಿನವೇ ಸಾಹೇಬರು ಎರಡು ಮಾತು ಹೇಳಿದ್ದರು. "ಒಂದು, ಕಾಗದ ಓದಬೇಡ, ಒತ್ತು. ಎರಡು, ಇಲ್ಲಿ ಕೇಳಿದ್ದು ಇಲ್ಲೇ ಇರಬೇಕು. ಮೆಟ್ಟಿಲು ಇಳಿಯೋವಾಗ ನಿನ್ನ ಜೊತೆ ನಿನ್ನ ಚಪ್ಪಲಿ ಮಾತ್ರ ಬರಬೇಕು."

ಕಂಪನಿಯ ನಾಲ್ಕನೇ ವರ್ಷದ ಒಂದು ಶುಕ್ರವಾರ ಸಾಹೇಬರು ತಾವೇ ಕಾಗದದ ಕಟ್ಟು ಹೊತ್ತುಕೊಂಡು ಬಂದು ಅವನ ಮುಂದಿಟ್ಟರು. ಹದಿನಾಲ್ಕು ಪ್ರತಿ, ಎಲ್ಲದರಲ್ಲೂ ಅದೇ ಬರಹ. ಓದಬಾರದು ಸರಿ, ಆದರೆ ಕಣ್ಣಿಗೆ ಅದು ಗೊತ್ತಾಗಬೇಕಲ್ಲ. ಮೊದಲ ಪ್ರತಿಯಲ್ಲಿ ಒಂದು ಸಾಲು ಕಂಡಿತು, ಎರಡನೆಯದರಲ್ಲಿ ಅದರ ಮುಂದಿನ ಸಾಲು. ನಾಲ್ಕನೇ ಪ್ರತಿಯ ಹೊತ್ತಿಗೆ ಎಲ್ಲ ತಿಳಿದುಹೋಯಿತು. ಫ್ಯಾನ್ ಕಾರ್ಖಾನೆ ಮುಚ್ಚುತ್ತದೆ. ಯಂತ್ರಗಳು ಒಬ್ಬರಿಗೆ, ಜಾಗ ಇನ್ನೊಬ್ಬರಿಗೆ. ನಲವತ್ತು ದಿನ ಕೆಲಸಗಾರರ ಕಿವಿಗೆ ಬೀಳಬಾರದು.

ಆ ಕಾರ್ಖಾನೆಯಲ್ಲಿ ಅವನ ಭಾವ ಹದಿನೆಂಟು ವರ್ಷದಿಂದ ಇದ್ದರು. ರೆಕ್ಕೆಗಳ ಸಮತೂಕ ನೋಡುವುದು ಅವರ ಕೆಲಸ. ಯಾರ ಮನೆಗೆ ಹೋದರೂ ತಲೆಯೆತ್ತಿ ಒಂದು ಗಳಿಗೆ ಕೇಳಿ, "ಮೂರನೇ ರೆಕ್ಕೆ ಭಾರ ಆಗಿದೆ" ಎನ್ನುವ ಮನುಷ್ಯ. ಐದನೇ ಪ್ರತಿಗೆ ಸೀಲಣ್ಣನ ಕೈ ನಿಂತಿತು. ಸಾಹೇಬರು ಎದುರಿನ ಕುರ್ಚಿಯಲ್ಲೇ ಕೂತಿದ್ದರು. ಅವನು ಉಳಿದವನ್ನೂ ಒತ್ತಿದ.

ಭಾನುವಾರ ಊಟಕ್ಕೆ ಕೂತಾಗ ಭಾವ ಜೇಬಿನಿಂದ ಒಂದು ಪತ್ರ ತೆಗೆದರು. ಬೇರೆ ಊರಿನ ಮೋಟಾರ್ ಕಾರ್ಖಾನೆಯವರು ಕರೆದಿದ್ದರು. ವಾರದೊಳಗೆ ಉತ್ತರ ಮುಟ್ಟಬೇಕಿತ್ತು.

"ನೀನು ಕಂಪನಿಗಳ ಮಧ್ಯೆಯೇ ಇರೋನು, ನೀನೇ ಹೇಳು" ಎಂದರು ಭಾವ. "ಯಾಕೋ ನಮ್ಮಲ್ಲಿ ಗಾಳಿ ಸರಿಯಿಲ್ಲ ಅನಿಸ್ತಿದೆ. ಮೂರು ತಿಂಗಳಿಂದ ಹೊಸ ತಗಡು ಬಂದಿಲ್ಲ. ಹೋಗಿಬಿಡಲಾ, ಇರಲಾ?"

ಸೀಲಣ್ಣನ ಬಾಯಲ್ಲಿ ತುತ್ತಿತ್ತು. ಅದನ್ನು ಅವನು ಎಷ್ಟು ಹೊತ್ತು ಅಗಿದನೋ. ಹೋಗಿ ಭಾವ, ಎಂದರೆ ಮುಗಿದಿತ್ತು. ಎರಡೇ ಮಾತು. ಆದರೆ ಆಚೆ ಸಾಹೇಬರು, ಕೊಟ್ಟ ಮಾತು, ಉಂಡ ಮನೆಗೆ ಎರಡು ಬಗೆಯಬಾರದೆಂಬ ಗಾದೆ. ಈಚೆಯದೂ ಉಂಡ ಮನೆಯೇ ಎನ್ನುವುದು ಮಾತ್ರ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ ಅವನು ಹೆದರಿದ.

"ನನಗೇನು ಗೊತ್ತು ಭಾವ" ಎಂದ. "ನಾನು ಸೀಲ್ ಒತ್ತೋನು."

ಪಾತ್ರೆ ಹಿಡಿದು ನಿಂತಿದ್ದ ಅಕ್ಕ ನಕ್ಕಳು. "ಗೊತ್ತಿದ್ರೆ ನನ್ನ ತಮ್ಮ ಹೇಳ್ತಿರಲಿಲ್ವಾ? ಸುಮ್ನೆ ಏನೇನೋ ಯೋಚನೆ ಮಾಡ್ಬೇಡಿ. ಮಗಳ ಶಾಲೆ ಬಿಡಿಸಿ ಕಾಣದ ಊರಿಗೆ ಎಲ್ಲಿ ಹೋಗೋದು?" ಎಂದು ತಮ್ಮನ ತಟ್ಟೆಗೆ ಎರಡನೇ ಸಲ ಬಡಿಸಿದಳು.

"ಅದೂ ನಿಜ" ಎಂದರು ಭಾವ. ಊಟ ಮುಗಿಸಿ ಬರುವುದಿಲ್ಲವೆಂದು ಉತ್ತರ ಬರೆದು, ಅಂಟಿಸಿ, ಹೋಗುವಾಗ ಅಂಚೆಗೆ ಹಾಕು ಎಂದು ಅವನ ಕೈಗೇ ಕೊಟ್ಟರು. ಬೀದಿಯ ಕೊನೆಯ ಅಂಚೆಡಬ್ಬಿಯ ಮುಂದೆ ಸೀಲಣ್ಣ ಬಹಳ ಹೊತ್ತು ನಿಂತ. ಹರಿದು ಹಾಕಬಹುದಿತ್ತು. ಮರಳಿ ಹೋಗಬಹುದಿತ್ತು. ಒಪ್ಪಂದವೇ ಮುರಿದುಬೀಳಬಹುದು, ಹಾವೂ ಸಾಯದೆ ಕೋಲೂ ಮುರಿಯದೆ ಹೋಗಬಹುದು ಎಂದು ತನಗೆ ತಾನೇ ಹೇಳಿಕೊಂಡು ಪತ್ರವನ್ನು ಒಳಗೆ ಹಾಕಿದ.

ನಲವತ್ತೊಂದನೇ ದಿನ ಕಾರ್ಖಾನೆಯ ಗೇಟಿಗೆ ಬೀಗ ಬಿತ್ತು. ಅಷ್ಟರಲ್ಲಿ ಮೋಟಾರ್ ಕಾರ್ಖಾನೆಯ ಜಾಗ ಬೇರೆಯವರ ಪಾಲಾಗಿತ್ತು. ವಯಸ್ಸು ನಲವತ್ತೆರಡು ದಾಟಿದ ಭಾವನನ್ನು ಮತ್ತೆ ಯಾರೂ ಕರೆಯಲಿಲ್ಲ. ಮನೆ ಮನೆಗೆ ಹೋಗಿ ಫ್ಯಾನ್ ರಿಪೇರಿ ಮಾಡಿದರು, ಏಣಿಯಿಂದ ಒಮ್ಮೆ ಬಿದ್ದರು, ಆಮೇಲೆ ಮನೆಯಲ್ಲೇ ಕೂತರು. ಹನ್ನೆರಡು ವರ್ಷಕ್ಕೆ ಹೋಗಿಬಿಟ್ಟರು. ಅಲ್ಲಿಯವರೆಗೂ ಅವರದು ಒಂದೇ ಮಾತು: "ಅಷ್ಟು ಜನಕ್ಕೆ ಗೊತ್ತಿತ್ತಂತೆ. ಒಬ್ಬರಾದ್ರೂ ಒಂದು ಮಾತು ಹೇಳಬಾರದಿತ್ತಾ?" ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತ ಸೀಲಣ್ಣ ತಟ್ಟೆ ನೋಡುತ್ತಿದ್ದ.

ಕಂಪನಿ ಮಾತ್ರ ಬೆಳೆಯಿತು. ಗುಟ್ಟು ಕಾಯುವವರೆಂದು ಹೆಸರಾಯಿತು. ಒಬ್ಬ ಮಾಲೀಕ ಇನ್ನೊಬ್ಬನಿಗೆ ಹೇಳಿದ, ಅವನು ಮತ್ತೊಬ್ಬನಿಗೆ. ಬಾಗಿಲು ತೆರೆಯಲು ಸಲಹೆ ಕೊಡುತ್ತ ಹುಟ್ಟಿದ ಕಂಪನಿ ಬಾಗಿಲು ಹಾಕಿಸುವುದರಲ್ಲಿ ದೊಡ್ಡದಾಯಿತು. ದರ್ಜಿಯ ಅಂಗಡಿ ಬಿಟ್ಟು ಒಂದಿಡೀ ಮಹಡಿ ಹಿಡಿದರು. ಮುಂದೆ ಮೂರು, ಆಮೇಲೆ ಸ್ವಂತದ ಆರು. ಕೊನೆಗೆ ಸರ್ಕಾರ ಮುದ್ರೆಯೇ ಬೇಕಿಲ್ಲ ಎಂದಿತು. ಒತ್ತುಯಂತ್ರಗಳು ತೂಕದ ಲೆಕ್ಕದಲ್ಲಿ ಹೋದವು. ಸೀಲಣ್ಣ ಹೋಗಲಿಲ್ಲ. ಅವನನ್ನು ಕೆಳಗಿನ ಮಹಡಿಯಲ್ಲಿ, ಬಂದವರಿಗೆ ಗುರುತುಚೀಟಿ ಕೊಡುವ ಮೇಜಿನಲ್ಲಿ ಕೂರಿಸಿದರು. ನಿನ್ನೆ ಮೊನ್ನೆ ಬಂದವರನ್ನೆಲ್ಲ ತೆಗೆದುಹಾಕುವ ಸಾಹೇಬರು ತನ್ನನ್ನೇಕೆ ಉಳಿಸಿಕೊಂಡರೆಂದು ಅವನಿಗೆ ಆಶ್ಚರ್ಯ. ದೊಡ್ಡ ಮನಸ್ಸು ಎಂದುಕೊಂಡ.

ಮೂವತ್ತು ವರ್ಷ ತುಂಬಿದ್ದಕ್ಕೆ ಕಂಪನಿ ತನ್ನ ಕಥೆಯನ್ನೇ ಪುಸ್ತಕ ಮಾಡಿಸಿತು. ಹೊಳೆಯುವ ಹಾಳೆಗಳು, ಸಾಹೇಬರು ಹೇಳಿ ಬರೆಸಿದ ನೆನಪುಗಳು. ಶನಿವಾರ ಎಲ್ಲರಿಗೂ ಒಂದೊಂದು ಹಂಚಿದರು. ಅರವತ್ತೆರಡನೇ ಪುಟದಲ್ಲಿ ಸೀಲಣ್ಣನ ಫೋಟೋ ಇತ್ತು, ಒತ್ತುಯಂತ್ರದ ಜೊತೆ, ತಲೆತುಂಬ ಕೂದಲಿದ್ದ ಕಾಲದ್ದು. ಸಾಹೇಬರು ಭುಜ ತಟ್ಟಿ, "ಓದು, ನಿನ್ನ ಬಗ್ಗೆ ಎರಡು ಮಾತು ಹೇಳಿದೀನಿ" ಎಂದರು.

ಅವನು ಓದಲಿಲ್ಲ. ಐವತ್ತೆರಡು ವರ್ಷದಲ್ಲಿ ಯಾರೂ ಅವನ ಬಗ್ಗೆ ಎರಡು ಒಳ್ಳೆಯ ಮಾತು ಅಚ್ಚು ಹಾಕಿಸಿರಲಿಲ್ಲ. ಅದನ್ನು ಒಬ್ಬನೇ ಓದಿ ಮುಗಿಸಲು ಮನಸ್ಸು ಬರಲಿಲ್ಲ. ಮರುದಿನ ಅಕ್ಕನ ಮನೆಗೆ ಒಯ್ದ. ಅಕ್ಕನ ಕಣ್ಣು ಈಗ ಮಂಜು, ಏನಿದ್ದರೂ ಮಗಳೇ ಓದಿ ಹೇಳಬೇಕು.

"ಅರವತ್ತೆರಡು ತೆಗಿಯಮ್ಮ" ಎಂದ ಅವನು, ಕುರ್ಚಿಯಲ್ಲಿ ಕೂತು. "ಗಟ್ಟಿಯಾಗಿ ಓದು. ಅಮ್ಮನಿಗೂ ಕೇಳಿಸಲಿ."

ಅಕ್ಕ ತಟ್ಟೆಗೆ ಬಡಿಸುತ್ತಿದ್ದಳು. ಮಗಳು ಓದಿದಳು. "ನಮ್ಮ ಸಂಸ್ಥೆಗೆ ತಿರುವು ಸಿಕ್ಕಿದ್ದು ನಾಲ್ಕನೆಯ ವರ್ಷ. ಒಂದು ಫ್ಯಾನ್ ಕಾರ್ಖಾನೆಯನ್ನು ಮುಚ್ಚಿಸುವ ಕೆಲಸ ನಮಗೆ ಬಂತು."

"ಸಾಕು, ಊಟ ಆದ್ಮೇಲೆ ಓದಿದ್ರಾಯ್ತು" ಎಂದ ಸೀಲಣ್ಣ.

"ಓದು" ಎಂದಳು ಅಕ್ಕ.

"ನಲವತ್ತು ದಿನ ಗುಟ್ಟು ಕಾಯಬೇಕಿತ್ತು. ನಮ್ಮಲ್ಲಿ ಮುದ್ರೆ ಒತ್ತುವವನ ಭಾವ ಅದೇ ಕಾರ್ಖಾನೆಯಲ್ಲಿದ್ದಾರೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಕಾಗದಗಳನ್ನು ಅವನ ಮುಂದಿಟ್ಟು, ಎದುರಿಗೆ ಕೂತು ನೋಡಿದೆ. ಹದಿನಾಲ್ಕು ಪ್ರತಿ ಒತ್ತಿದ. ಮನೆಯವರಿಗೂ ಒಂದು ಮಾತು ಹೇಳಲಿಲ್ಲ. ಇಂಥವರಿರುವ ಸಂಸ್ಥೆ..." ಮಗಳ ದನಿ ಸಣ್ಣದಾಗುತ್ತ ಬಂದು ನಿಂತಿತು. ಅವಳು ಪುಸ್ತಕ ಮುಚ್ಚಿದಳು.

ಇಪ್ಪತ್ತಾರು ವರ್ಷ ಕಾದ ಗುಟ್ಟನ್ನು ಅವನು ತಾನೇ ಕಂಕುಳಲ್ಲಿಟ್ಟುಕೊಂಡು ಬಂದು, ಗಟ್ಟಿಯಾಗಿ ಓದು ಎಂದಿದ್ದ. ಸಾಹೇಬರ ದೊಡ್ಡ ಮನಸ್ಸು ಎಂಥದೆಂದೂ ಈಗ ತಿಳಿಯಿತು.

"ಆ ಭಾನುವಾರ" ಎಂದಳು ಅಕ್ಕ. "ಅವರು ಕೆಲಸದ ಪತ್ರ ತೋರಿಸಿದ್ರಲ್ಲ. ಅವತ್ತು ನಿನಗೆ ಗೊತ್ತಿತ್ತಾ?"

ಸುಳ್ಳು ಹೇಳಲು ಆಗಲೂ ಜಾಗವಿತ್ತು. ಅವನಿಗೆ ಸುಸ್ತಾಗಿತ್ತು. "ಶುಕ್ರವಾರ ಒತ್ತಿದ್ದೆ, ಅಕ್ಕ."

ಅಕ್ಕ ತಲೆಯೆತ್ತಿದಳು. ಮೇಲೆ ಭಾವ ಸಮತೂಕ ಮಾಡಿಟ್ಟ ಹಳೇ ಫ್ಯಾನ್ ಸದ್ದಿಲ್ಲದೆ ತಿರುಗುತ್ತಿತ್ತು.

"ಅವರು ಹೋಗ್ತೀನಿ ಅಂತಿದ್ರು" ಎಂದಳು. "ಗೊತ್ತಿದ್ರೆ ನನ್ನ ತಮ್ಮ ಹೇಳ್ತಿರಲಿಲ್ವಾ ಅಂತ ತಡೆದೋಳು ನಾನು. ನನ್ನ ಬಾಯಲ್ಲೇ ಬಂತು ಆ ಮಾತು."

"ಅಕ್ಕ..."

"ಹನ್ನೆರಡು ವರ್ಷ ಕೇಳಿದ್ರು, ಒಬ್ಬರಾದ್ರೂ ಹೇಳಬಾರದಿತ್ತಾ ಅಂತ. ನೀನು ಇದೇ ಕುರ್ಚೀಲಿ ಕೂತಿದ್ದೆ." ಕೈಯಲ್ಲಿದ್ದ ಸೌಟನ್ನು ಪಾತ್ರೆಯೊಳಗೆ ಇಟ್ಟಳು. "ಬಡಿಸಿ ಆಗಿದೆ. ಉಂಡು ಹೋಗು. ಮುಂದಿನ ವಾರ ಬರಬೇಡ."

ಅವಳು ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಅವಳ ಹಿಂದೆಯೇ ಮಗಳೂ ಹೋದಳು. ಸೀಲಣ್ಣ ತಟ್ಟೆಯಲ್ಲಿದ್ದುದನ್ನು ಒಂದಗುಳು ಬಿಡದೆ ತಿಂದ. ಉಂಡು ಹೋಗು ಎಂದಿದ್ದಳು, ಅವನಿಗೆ ಗೊತ್ತಿದ್ದುದು ಹೇಳಿದಷ್ಟು ಮಾಡುವುದು. ತಟ್ಟೆ ಬರಿದಾದ ಮೇಲೂ ಅಭ್ಯಾಸಬಲದಿಂದ ಸ್ವಲ್ಪ ಹೊತ್ತು ಕೂತೇ ಇದ್ದ. ಒಳಗೆ ನಲ್ಲಿ ಬಿಟ್ಟ ಸದ್ದು, ಪಾತ್ರೆ ತೊಳೆಯುವ ಸದ್ದು ಕೇಳಿಸಿತು. ಎರಡನೇ ಸಲ ಬಡಿಸಲು ಅಕ್ಕ ಬರಲಿಲ್ಲ.